ಗೀರು ಬೀಳದ ಬ್ರಶ್ಶು

ಬೇರೆಯವರ ಮನೆಯಲ್ಲಿ ಬ್ರಶ್ಶು ಅಂದರೆ ಹಲ್ಲಿಗೊಂದು, ಗೋಡೆಗೊಂದು, ಅಲ್ಲಿಗೆ ಮುಗೀತು. ಬೆಟಗೇರಿಯ ನಮ್ಮ ಮನೆಗೆ ಮಾತ್ರ ಬ್ರಶ್ಶು ಬಂತೆಂದರೆ ಅದರ ಹಿಂದೆಯೇ ಒಂದು ಫಜೀತಿಯೂ ಚಪ್ಪಲಿ ಬಿಟ್ಟು ಒಳಗೆ ಬರುತ್ತದೆ. ಒಂದಕ್ಕೆ ನಕ್ಕು ಸುಧಾರಿಸಿಕೊಳ್ಳುವುದರೊಳಗೆ ಇನ್ನೊಂದು ಕಟ್ಟೆಯ ಮೇಲೆ ಬಂದು ಕೂತಿರುತ್ತದೆ.

ಕಾರಣ ನಮ್ಮ ಅಕ್ಕ. ಚಿತ್ರಕಲೆ ಓದಿದವಳು, ಶಾಲೆಯಲ್ಲಿ ಡ್ರಾಯಿಂಗ್ ಟೀಚರು. ಎಲ್ಲರೂ ಫೋನಿನಲ್ಲಿ ಟಕ್ಕಂತ ಫೋಟೊ ಹೊಡೆದು ಮುಂದೆ ಹೋಗುವಾಗ ಇವಳು ಕಾಗದಕ್ಕೆ ಕೈಯಾರೆ ಔಷಧ ಬಳಿದು ಫೋಟೊ ಮಾಡುತ್ತಾಳೆ. ಹೇಳಲಿಕ್ಕೆ ಸುಲಭ. ಫೋನಿನ ಫೋಟೊವನ್ನು ಉಲ್ಟಾ ಮಾಡುವುದು, ಅಂದರೆ ಕರಿಯದು ಬಿಳಿ, ಬಿಳಿಯದು ಕರಿ. ಅದನ್ನು ಝೆರಾಕ್ಸ್ ಅಂಗಡಿಯಲ್ಲಿ ಪಾರದರ್ಶಕ ಹಾಳೆಯ ಮೇಲೆ ಹೊಡೆಸುವುದು. ಕತ್ತಲೆ ಕೋಣೆಯಲ್ಲಿ ಕಾಗದಕ್ಕೆ ಔಷಧ ಹಚ್ಚಿ ಒಣಗಿಸಿ, ಅದರ ಮೇಲೆ ಈ ಉಲ್ಟಾ ಹಾಳೆ ಇಟ್ಟು, ಗಾಜು ಒತ್ತಿ ಬಿಸಿಲಿಗೆ ಹಿಡಿಯುವುದು. ಮುಂದಿನದನ್ನು ಸೂರ್ಯ ನೋಡಿಕೊಳ್ಳುತ್ತಾನೆ.

ನಾನು ಹತ್ತನೆಯಲ್ಲಿ ಫೇಲಾಗಿ ಮನೆಯಲ್ಲಿ ಕೂತವನು. ಓಣಿಯಲ್ಲಿ ಯಾರ ನಾಯಿಯ ಬಾಲಕ್ಕೆ ಡಬ್ಬಿ ಕಂಡರೂ ಮೊದಲು ನಮ್ಮ ಮನೆಗೆ ಬಂದು ಕೇಳುತ್ತಾರೆ. ಯಾವುದಕ್ಕೂ ಬೆರಗಾಗದ ಹುಡುಗ ಅಂತ ಮಾಸ್ತರು ಬೈಯುತ್ತಿದ್ದರು. ಆದರೆ ಖಾಲಿ ಕಾಗದದ ಮೇಲೆ ನಮ್ಮ ಬೇವಿನ ಗಿಡದ ಒಂದೊಂದೇ ಎಲೆ ತಾನಾಗಿ ಎದ್ದು ಬಂದದ್ದನ್ನು ನೋಡಿದ ದಿನ ನಾನು ಊಟ ಮಾಡಿದೆನೋ ಇಲ್ಲವೋ ನನಗೆ ನೆನಪಿಲ್ಲ. ಮಾಡಿದ್ದೆ ಅನ್ನುತ್ತಾಳೆ ಅವ್ವ, ಅದೂ ಎರಡು ರೊಟ್ಟಿ ಜಾಸ್ತಿ.

ತ್ರಾಸು ಇರುವುದೆಲ್ಲ ಬ್ರಶ್ಶಿನಲ್ಲಿ. ಬಿರುಸಾದರೆ ಗೀರು ಬೀಳುತ್ತದೆ. ಮೆತ್ತಗಾದರೆ ಔಷಧವನ್ನೆಲ್ಲ ಅದೇ ಕುಡಿಯುತ್ತದೆ. ಕೂದಲು ಉದುರಿದರೆ ಫೋಟೊದಲ್ಲಿ ಕೂತುಬಿಡುತ್ತದೆ. ಅಕ್ಕನಿಗೆ ಒಂದು ಬ್ರಶ್ಶು ಬೇಕಿತ್ತು, ಸಮನಾಗಿ ಹಚ್ಚುವಂಥದು. ಜಲ್ದಿ ಬೇಕಿತ್ತು. ಯಾಕೆಂದರೆ ಆ ಕತ್ತಲೆ ಕೋಣೆ ಅಪ್ಪನದು. ಅಪ್ಪ ಗದಗ ಮಾರ್ಕೆಟ್ಟಿನಲ್ಲಿ ಉಳ್ಳಾಗಡ್ಡಿ ದಲಾಲ. ಸುಗ್ಗಿಯಲ್ಲಿ ಖಾಲಿ ಚೀಲಗಳ ಹೊರೆ ಇಡುವ ಕೋಣೆ ಅದು. ಅಪ್ಪ ಖಡಕ್ಕಾಗಿ ಹೇಳಿಬಿಟ್ಟಿದ್ದ.

"ನೋಡವಾ, ಸುಗ್ಗಿ ಬರೂಮಟ ಕೋಣಿ ನಿಂದು. ಅಷ್ಟರಾಗ ಗೋಡಿಗೆ ಹಾಕೂವಂಥಾ ಒಂದ ಫೋಟೋ ತೋರಸು. ಇಲ್ಲಂದ್ರ ನನ್ನ ಚೀಲ ಒಳಗ, ನಿನ್ನ ಬಾಟ್ಲಿ ಹೊರಗ."

ಸೀರೆ ಬಂತು

ಮೊದಲ ಬ್ರಶ್ಶು ಮನೆಯಲ್ಲೇ ಸಿಕ್ಕಿತು. ಅಗಲ ಬೇಕು ಅಂದಳು ಅಕ್ಕ. ಸುಣ್ಣ ಬಳಿಯುವ ಬ್ರಶ್ಶಿಗಿಂತ ಅಗಲವಾದದ್ದು ಯಾವುದಿದೆ? ಒಂದೇ ಸಲ ಎಳೆದರೆ ಕಾಗದ ಮುಗಿಯಿತು. ತೊಳೆದು ಕೊಟ್ಟೆವು.

ಆಗ ಅಕ್ಕ ನೀಲಿ ಬಣ್ಣ ಬರುವ ಔಷಧ ಹಚ್ಚುತ್ತಿದ್ದಳು. ಫೋಟೊ ಅವ್ವನದೇ ಆಗಬೇಕೆಂದು ಠರಾಯಿಸಿದೆವು. ಅವ್ವ ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ಉಟ್ಟು, ಮೂಗಿಗೆ ನತ್ತು ಇಟ್ಟು, ಉಸಿರು ಬಿಗಿಹಿಡಿದು ಕೂತಳು. ಆಕೆಯ ಮದುವೆಯ ಫೋಟೊ ಬಿಟ್ಟರೆ ಗೋಡೆಗೆ ಹಾಕುವಂಥ ಇನ್ನೊಂದು ಫೋಟೊ ಇರಲಿಲ್ಲ. ಉಲ್ಟಾ ಹಾಳೆ ಬಂತು, ಬಿಸಿಲಿಗೆ ಇಟ್ಟದ್ದಾಯಿತು, ಆಮೇಲೆ ಕಾಗದವನ್ನು ಪ್ಲಾಸ್ಟಿಕ್ ಬುಟ್ಟಿಯ ನೀರಿಗೆ ಬಿಟ್ಟೆವು. ನೀರಿನೊಳಗಿಂದ ನೀಲಿ ಏಳತೊಡಗಿತು. ಸೀರೆಯ ಅಂಚಿನ ಎಳೆ ಎಳೆಯೂ ಬಂತು, ಸೆರಗಿನ ಗೋಪುರದ ಸಾಲು ಬಂತು, ಬಳೆ ಬಂದವು. ನನ್ನ ಮೈಮೇಲೆ ಮುಳ್ಳೆದ್ದವು.

ಆದರೆ ಬ್ರಶ್ಶಿನ ಹೊಟ್ಟೆಯಲ್ಲಿ ಯಾವ ಕಾಲದ್ದೋ ಸುಣ್ಣ ಕೂತಿತ್ತು. ಆ ಔಷಧಕ್ಕೂ ಸುಣ್ಣಕ್ಕೂ ಆಗಿಬರುವುದಿಲ್ಲವಂತೆ. ನೋಡನೋಡುತ್ತಿದ್ದಂತೆ ಮೇಲ್ಗಡೆಯ ನೀಲಿಯನ್ನೆಲ್ಲ ಸುಣ್ಣ ತಿಂದು, ಅವ್ವನ ಮುಖ ಇದ್ದ ಕಡೆ ಒಂದು ಹಳದಿ ಪಟ್ಟಿ ಉಳಿಯಿತು.

ಅವ್ವ ಬಹಳ ಹೊತ್ತು ನೋಡಿದಳು. "ಸೀರಿ ಭಾಳ ಚಂದ ಬಂದೈತಿ" ಅಂದಳು. "ಉಟ್ಟಾಕಿ ಎಲ್ಲಿ ಹೋದ್ಲು?"

ಅಪ್ಪ ಪೇಪರಿನಿಂದ ತಲೆ ಎತ್ತದೆ ಹೇಳಿದ. "ಉಟ್ಟಾಕಿ ಚಾ ಮಾಡಾಕ ಒಳಗ ಹೋಗ್ಯಾಳ ಅಂತ ತಿಳಕೊ. ಬರೂಮುಂದ ನನಗೊಂದ ಕಪ್ ಹಿಡಕೊಂಡ ಬಾ."

ಮುಂದೆ ಬರುವ ಮಚ್ಚೆ

ಆಮೇಲೆ ಅಕ್ಕ ನೀಲಿ ಬಿಟ್ಟು ಬೆಳ್ಳಿಯ ಔಷಧಕ್ಕೆ ಹೋದಳು. ಅದು ಬಿಸಿಲಿಗೆ ಚಹದ ಬಣ್ಣ ಬರುತ್ತದೆ, ಇನ್ನೂ ಹೊತ್ತು ಇಟ್ಟರೆ ಕರ್ರಗಾಗುತ್ತದೆ. ಕೈಗೆ ತಾಗಿದರೂ ಅಷ್ಟೇ. ಮೊದಲು ಏನೂ ಕಾಣುವುದಿಲ್ಲ. ಹೊರಗೆ ಬಿಸಿಲಿಗೆ ಹೋದಮೇಲೆ ಬೆರಳು ಕಪ್ಪಾಗಿ, ಚರ್ಮ ಸುಲಿದು ಹೋಗುವವರೆಗೆ ಹಾಗೇ ಇರುತ್ತದೆ.

ಬ್ರಶ್ಶಿಗಾಗಿ ನಾನು ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಅಲ್ಲಿ ಅಂಗಡಿ ಬೋರ್ಡು ಬರೆಯುವ ಪೇಂಟರ್ ಒಬ್ಬರಿದ್ದಾರೆ. ನಾನು ಹೋದಾಗ ಲಾರಿಯ ಹಿಂಭಾಗಕ್ಕೆ ಅಕ್ಷರ ಬರೆಯುತ್ತಿದ್ದರು. ಪೆನ್ಸಿಲ್ ಇಲ್ಲ, ಪಟ್ಟಿ ಇಲ್ಲ, ಬೀಡಿ ಬಾಯಲ್ಲೇ ಇದೆ. ಗೆರೆ ಮಾತ್ರ ನೂಲು ಹಿಡಿದಂತೆ ನೆಟ್ಟಗೆ. ಕೇಳಲು ಬಂದದ್ದನ್ನೇ ಮರೆತು ನಿಂತೆ.

"ಬ್ರಶ್ ಕೊಡ್ತೀನಿ" ಅಂದರು. "ಆದ್ರ ಮೊದಲನೇ ಫೋಟೋ ನಂದ ಆಗಬೇಕು."

ಫೋನಿನಲ್ಲಿ ಅವರ ಮುಖ ಹಿಡಿದುಕೊಂಡು ಬಂದೆ. ಬ್ರಶ್ಶೇನೋ ಮೆತ್ತಗಿತ್ತು. ಆದರೆ ಕೂದಲನ್ನು ಹಿಡಿಕೆಗೆ ಕಟ್ಟಿದ ತಗಡಿನ ಪಟ್ಟಿಗೆ ಬೆಳ್ಳಿಯ ಔಷಧ ತಾಗಿದ್ದೇ ತಡ, ಏನು ಜಗಳವಾಯಿತೋ, ಫೋಟೊದ ತುಂಬ ಕಪ್ಪು ಚುಕ್ಕೆ ಎದ್ದವು. ಹಣೆ, ಗಲ್ಲ, ಮೂಗಿನ ತುದಿ, ಕಿವಿ, ಎಲ್ಲಿ ಬೇಕಲ್ಲಿ.

"ಒಗದ ಬಿಡ ತಮ್ಮಾ" ಅಂದಳು ಅಕ್ಕ. ನನಗೆ ಬಿಸಾಡುವ ಮನಸ್ಸಾಗಲಿಲ್ಲ. ಬ್ರಶ್ಶಿನ ಜೊತೆ ಅದನ್ನೂ ಲಕ್ಷ್ಮೇಶ್ವರಕ್ಕೆ ಒಯ್ದು, ಮುಖ ಗಂಭೀರ ಮಾಡಿಕೊಂಡು ಹೇಳಿದೆ. "ಇದು ಸಾದಾ ಫೋಟೋ ಅಲ್ರಿ. ಬೆಳ್ಳಿದು. ಮುಂದ ಬರೂ ಮಚ್ಚೀನೂ ಈಗ ತೋರಸ್ತೈತಿ."

ಪೇಂಟರ್ ಬೀಡಿ ಕೆಳಗಿಟ್ಟರು. ಅವರ ಹೆಂಡತಿ ಬಂದು ಇಣುಕಿದರು. "ಗಲ್ಲದ ಮ್ಯಾಲ ಒಂದ ಮಚ್ಚಿ ಇದ್ರ ಮನಿ ಕಟ್ಟಸ್ತಾರಂತ" ಅಂದರು ಗಂಡನಿಗೆ. "ಇವನ್ನ ನೋಡಿದ್ರ ನೀವು ಒಂದ ಊರನ್ನ ಕಟ್ಟಸ್ತೀರಿ. ಮೊದಲ ಬಚ್ಚಲಕ್ಕ ಬಾಗಲಾ ಹಚ್ಚಸ್ರಿ."

ಫೋಟೊ ಅವರ ಗೋಡೆ ಹತ್ತಿತು. ನಾನು ಬಸ್ಸಿನಲ್ಲಿ ಬೆಟಗೇರಿಯ ತನಕ ಒಬ್ಬನೇ ನಕ್ಕೆ. ಸ್ವಲ್ಪ ದಿನ ಬಿಟ್ಟು ಪೇಂಟರರ ಫೋನು ಬಂತು. ದನಿ ಇಳಿದಿತ್ತು.

"ತಮ್ಮಾ, ಕಿವಿ ಹತ್ರದ್ದು ಬಂತ ನೋಡ."

ನಂಬದೆ ಹೋಗಿ ನೋಡಿದೆ. ಖರೆ ಬಂದಿತ್ತು. ಅವತ್ತು ಬಸ್ಸಿನಲ್ಲಿ ನಗು ಬರಲಿಲ್ಲ. ದಾರಿಯುದ್ದಕ್ಕೂ ನನ್ನ ಕಿವಿಯನ್ನೇ ಮುಟ್ಟಿ ನೋಡಿಕೊಳ್ಳುತ್ತ ಬಂದೆ.

ಯಾರದೋ ಹೋತ

ತಗಡು ಇಲ್ಲದ ಬ್ರಶ್ಶು ಬೇಕು ಅಂತಾಯಿತು. ಹೊರದೇಶದಲ್ಲಿ ಆಡಿನ ಕೂದಲನ್ನು ಬಿದಿರಿಗೆ ದಾರದಿಂದ ಹೊಲಿದು ಮಾಡುತ್ತಾರೆ ಅಂತ ಅಕ್ಕ ಫೋನಿನಲ್ಲಿ ತೋರಿಸಿದಳು. ಅಲ್ಲಿಂದ ತರಿಸುವಷ್ಟರಲ್ಲಿ ಸುಗ್ಗಿ ಮುಗಿದು ಹೋಗುತ್ತದೆ. ಬಿದಿರು ಓಣಿಯಲ್ಲಿದೆ. ಆಡು ಹಿರೇವಡ್ಡಟ್ಟಿಯಲ್ಲಿ ನಮ್ಮ ಮಾಮಾನ ಹಟ್ಟಿಯಲ್ಲಿದೆ.

ಮಾಮಾನ ಹಟ್ಟಿಯಲ್ಲಿ ಒಂದು ಹೋತ ಇತ್ತು. ಅದರ ಗಡ್ಡ ನೋಡಿದರೆ ಎದ್ದು ನಿಂತು ಶರಣು ಅನ್ನಬೇಕು, ಹಾಗಿತ್ತು. ಉದ್ದ, ರೇಶಿಮೆಯಂಥದು, ಗಾಳಿಗೆ ಒಂದೇ ಕಡೆ ತೂಗುತ್ತಿತ್ತು. ಮಾಮಾ ಮಧ್ಯಾಹ್ನ ಮಲಗಿದಾಗ ಶೇಂಗಾ ಹೊಟ್ಟು ಮುಂದಿಟ್ಟು ಕತ್ತರಿ ಆಡಿಸಿದೆ. ಹೋತ ತಿನ್ನುವುದನ್ನು ನಿಲ್ಲಿಸಲೂ ಇಲ್ಲ.

ಮಾಮಾ ಎದ್ದು ಬಂದ. ಹೋತದ ಮುಂದೆ ನಿಂತ. ಆ ಕಡೆಯಿಂದ ನೋಡಿದ, ಈ ಕಡೆಯಿಂದ ನೋಡಿದ.

"ಇದ್ಯಾರ ಹೋತಲೇ ನಮ್ಮ ಹಟ್ಯಾಗ?"

ನಾನು ಕತ್ತರಿಯನ್ನು ಬೆನ್ನ ಹಿಂದೆ ಹಿಡಿದೆ. ಮಾಮಾ ಕೋಲು ತಗೊಂಡು ಅದನ್ನು ಹೊರಗೆ ಹೊಡೆದು, ತನ್ನ ಹೋತ ಎಲ್ಲಿ ಹೋಯಿತೆಂದು ಊರೆಲ್ಲ ಹುಡುಕಲು ಹೊರಟ. ಹೋತ ಪಾಪ ಅವನ ಬೆನ್ನಿಗೇ ನಡೆಯಿತು. "ನಮ್ಮ ಹೋತ ಕಂಡೀರೇನ್ರಿ?" ಅಂತ ಮಾಮಾ ಕೇಳುವುದು, ಹಿಂದಿನಿಂದ ಅದು "ಮ್ಯಾ" ಅನ್ನುವುದು, ಮಾಮಾ ತಿರುಗಿ "ನೀ ಸುಮ್ಮನಿರ್ಲೇ" ಅನ್ನುವುದು. ಸಂಜೆ ಅದು ಹಟ್ಟಿಗೆ ಬಂದು ದಿನಾ ಮಲಗುವ ಜಾಗದಲ್ಲೇ ಕಾಲು ಮಡಚಿ ಕೂತಮೇಲೆ ಮಾಮಾನಿಗೆ ಗುರುತು ಹತ್ತಿತು. ಗಡ್ಡ ಏನಾಯಿತು ಎಂಬುದು ಮಾತ್ರ ಗೊತ್ತಾಗಲಿಲ್ಲ.

ಬಿದಿರಿನ ಬಾಯಿ ಸೀಳಿ, ಕೂದಲು ತುರುಕಿ, ದಾರ ಸುತ್ತಿ ಬ್ರಶ್ಶು ಮಾಡಿದೆ. ಹೋತದ ಜಿಡ್ಡಿಗೆ ಔಷಧ ಎಮ್ಮೆಯ ಮೈಮೇಲಿನ ನೀರಿನಂತೆ ಜಾರಿಹೋಯಿತು. ಅಕ್ಕ ಸೀಗೆಕಾಯಿ ಹಾಕಿ ತೊಳೆದಳು. ಆಮೇಲೆ ನನ್ನದೇ ಫೋಟೊ ಹಾಕಿ ನೋಡಿದಳು. ಬಣ್ಣ ಸಮನಾಗಿಯೇ ಬಂತು, ಅಕ್ಕ ಉಸಿರೆಳೆದುಕೊಂಡಳು. ಆದರೆ ದಾರ ಸಡಿಲಾಗಿ ಕೂದಲು ಉದುರಿ, ಉದುರಿದ್ದೆಲ್ಲ ಸರಿಯಾಗಿ ನನ್ನ ಗದ್ದಕ್ಕೇ ಅಂಟಿ ಒಣಗಿತ್ತು.

ಮುಂದಿನ ವಾರ ಮಾಮಾ ನಮ್ಮ ಮನೆಗೆ ಬಂದವನು ಆ ಫೋಟೊದ ಮುಂದೆ ಚಹ ಆರುವವರೆಗೂ ನಿಂತ.

"ಈ ಗಡ್ಡಾ ನಾ ಎಲ್ಲೋ ನೋಡೀನಿ" ಅಂದ.

ಮದುಮಗಳು

ಶಿರಹಟ್ಟಿಯಲ್ಲಿ ನಮ್ಮ ಚಿಗವ್ವನ ಮಗಳು ಮದುಮಕ್ಕಳಿಗೆ ಮೇಕಪ್ ಮಾಡುತ್ತಾಳೆ. ಅವಳ ಪೌಡರ್ ಬ್ರಶ್ಶು ಮೊಲದ ಕಿವಿಗಿಂತ ಮೆತ್ತಗೆ. ಒಂದನ್ನು ಬೇಡಿ ತಂದೆ. ತಗಡಿಗೆ ಮೇಣ ಮೆತ್ತಿದೆವು, ಕೂದಲು ಎಳೆದು ಪರೀಕ್ಷೆ ಮಾಡಿದೆವು, ಎಲ್ಲ ಬರೋಬರಿ ಇತ್ತು. ಮನುಷ್ಯರ ಮುಖ ಬೇಡ ಅಂತ ಹಿತ್ತಲಿನ ಎಮ್ಮೆಯ ಫೋಟೊ ಹಾಕಿದಳು ಅಕ್ಕ. ಬಿಸಿಲಿಗೆ ಹಿಡಿದಾಗ ನಾನು ಹೌಹಾರಿದೆ. ಎಮ್ಮೆಯ ಗಲ್ಲ, ರೆಪ್ಪೆ, ಕೊಂಬಿನ ತುದಿ ಎಲ್ಲ ನಕ್ಷತ್ರದಂತೆ ಮಿಣುಗುತ್ತಿದ್ದವು. ಬ್ರಶ್ಶಿನೊಳಗೆ ಮದುಮಕ್ಕಳ ಮಿನುಗು ಪುಡಿ ಉಳಿದುಕೊಂಡಿತ್ತು.

ಗಲ್ಲದ ತುಣುಕಿನ ಫೋಟೊ ತೆಗೆದು ಶಿರಹಟ್ಟಿಯ ಆ ತಂಗಿಗೆ ಕಳಿಸಿದೆ. ಅವಳು ಕೂಡಲೇ ಫೋನು ಮಾಡಿದಳು. "ಅಣ್ಣಾ, ಹೊಳಪು ಎಷ್ಟ ಚಂದ ಕುಂತೈತಿ. ಯಾವೂರ ಮದುಮಗಳು? ಪೂರ್ತಿ ಫೋಟೋ ಕಳಸು, ನಮ್ಮ ಅಂಗಡಿ ಮುಂದ ಹಾಕ್ತೀನಿ."

ಪೂರ್ತಿ ಫೋಟೊ ಕಳಿಸಿದೆ. ಅವತ್ತಿನಿಂದ ಅವಳು ನನ್ನ ಕೂಡ ಮಾತು ಬಿಟ್ಟಿದ್ದಾಳೆ. ಬ್ರಶ್ಶನ್ನೂ ವಾಪಸು ಕೇಳಿಲ್ಲ.

ಅಪ್ಪನಿಗೆ ಬಂದ ಉಡುಗೊರೆ

ಅಷ್ಟರಲ್ಲಿ ಸುಗ್ಗಿ ಬಂದೇಬಿಟ್ಟಿತು. ಮಾರ್ಕೆಟ್ಟಿಗೆ ಉಳ್ಳಾಗಡ್ಡಿ ಗಾಡಿ ಬರತೊಡಗಿದವು. ಗುರುವಾರ ಚೀಲ ಬರುತ್ತವೆ ಅಂದ ಅಪ್ಪ. ಅಕ್ಕ ಬಾಟಲಿಗಳನ್ನು ಒರೆಸಿ ಒರೆಸಿ ರಟ್ಟಿನ ಡಬ್ಬಿಗೆ ತುಂಬತೊಡಗಿದಳು. ಮನೆಯಲ್ಲಿ ಚೇಷ್ಟೆ ಮಾಡಲು ನನಗೂ ಮನಸ್ಸು ಬರಲಿಲ್ಲ.

ಮಂಗಳವಾರ ಕಟಿಂಗ್ ಅಂಗಡಿಯಲ್ಲಿ ಕೂತಿದ್ದೆ. ಅಂಗಡಿಯವನು ಗಿರಾಕಿಯ ಗಲ್ಲಕ್ಕೆ ಬುರುಗು ಹಚ್ಚುತ್ತಿದ್ದ. ದಿನಾ ನೋಡುವುದೇ, ಅವತ್ತು ಬೇರೆ ಕಂಡಿತು. ಗಲ್ಲ ಉಬ್ಬು, ಗದ್ದ ತಗ್ಗು, ಆದರೂ ಬುರುಗು ಎಲ್ಲ ಕಡೆ ಒಂದೇ ಸಮ. ಗೀರಿಲ್ಲ. ಕೂದಲು ಉದುರುವುದಿಲ್ಲ. ತಗಡೂ ಇಲ್ಲ, ಕೂದಲ ಗೊಂಚಲನ್ನು ಪ್ಲಾಸ್ಟಿಕ್ ಹಿಡಿಕೆಗೆ ಅಂಟಿಸಿದ್ದು. ನಮ್ಮ ಮನೆಯ ಬಚ್ಚಲಲ್ಲೇ ಅಪ್ಪನದು ಅಂಥದೊಂದು ಇಷ್ಟು ವರ್ಷ ನಿಂತಿತ್ತು, ಅರ್ಧ ಬೋಳಾಗಿ. ಓಡಿ ಹೋಗಿ ಹೊಸದೊಂದು ತಂದೆ.

ಬುಧವಾರ ನಸುಕಿನಲ್ಲಿ ಅಕ್ಕ ಎದ್ದು, ಆ ಬ್ರಶ್ಶಿನಿಂದ ಎರಡು ಕಾಗದಕ್ಕೆ ಬೆಳ್ಳಿಯ ಔಷಧ ಹಚ್ಚಿದಳು. ಹಾಲಿನ ಕೆನೆ ಹಾಸಿದಂತೆ ಹರಡಿತು. ಬ್ರಶ್ಶನ್ನು ನೀರಿಗೆ ಅದ್ದಿ, ಆಮೇಲೆ ತೊಳೆದರಾಯಿತೆಂದು ಬಚ್ಚಲ ಗೂಡಿನಲ್ಲಿ ಇಟ್ಟು, ಕಾಗದ ಒಣಗುವುದನ್ನು ನೋಡಲು ಕೋಣೆಗೆ ಓಡಿದಳು.

ಅಷ್ಟೊತ್ತಿಗೆ ಅಪ್ಪ ದಾಡಿ ಮಾಡಿಕೊಳ್ಳಲು ಬಚ್ಚಲಿಗೆ ಹೋದ. ಗೂಡಿನಲ್ಲಿ ತನ್ನ ಬೋಳು ಬ್ರಶ್ಶಿನ ಪಕ್ಕ ಹೊಸದೊಂದು ನಿಂತಿದೆ. ಅಪ್ಪ ಅವತ್ತು ಸೀಟಿ ಹೊಡೆಯುತ್ತ ದಾಡಿ ಮಾಡಿಕೊಂಡ ಅಂತ ಅವ್ವ ಈಗಲೂ ಹೇಳುತ್ತಾಳೆ. ನುಣ್ಣಗೆ ಮಾಡಿಕೊಂಡು, ಬಿಳಿ ಅಂಗಿ ತೊಟ್ಟು, ಬಿಳಿ ಮೀಸೆ ತೀಡಿ ಮಾರ್ಕೆಟ್ಟಿಗೆ ಹೋದ.

ಮಾರ್ಕೆಟ್ಟಿನಲ್ಲಿ ಸವಾಲು, ಅಂದರೆ ಹರಾಜು, ನಡೆಯುವುದು ಬಯಲು ಬಿಸಿಲಿನಲ್ಲಿ. ಅಪ್ಪ ಉಳ್ಳಾಗಡ್ಡಿಯ ಒಂದು ಗುಂಪೆಯಿಂದ ಇನ್ನೊಂದು ಗುಂಪೆಗೆ ಹೋಗುತ್ತ ಕೂಗುತ್ತಿದ್ದಾನೆ. ಮೊದಲನೆಯ ಗುಂಪೆಗೆ ಹಮಾಲನೊಬ್ಬ ಅಂದನಂತೆ, "ಸಾವಕಾರ್ರ, ಗಲ್ಲಕ್ಕ ಏನೋ ಹತ್ತೈತ್ರಿ." ಅಪ್ಪ ಟವಲಿನಿಂದ ಒರೆಸಿಕೊಂಡ. ಎರಡನೆಯ ಗುಂಪೆಗೆ ಚಹದ ಬಣ್ಣ. ಮೂರನೆಯದಕ್ಕೆ ಖರೀದಿದಾರರು ಉಳ್ಳಾಗಡ್ಡಿ ನೋಡುವುದು ಬಿಟ್ಟು ಅಪ್ಪನನ್ನು ನೋಡತೊಡಗಿದರು. ನಾಲ್ಕನೆಯದರಲ್ಲಿ ಸವಾಲೇ ನಿಂತಿತು. ಆಮೇಲೆ ಅಪ್ಪ ಟವಲು ಮುಖಕ್ಕೆ ಸುತ್ತಿಕೊಂಡು ಆಟೋ ಹತ್ತಿದ.

ಮನೆಗೆ ಬಂದು ಟವಲು ತೆಗೆದ. ಹಣೆ ಅಪ್ಪನದೇ, ಮೂಗು ಅಪ್ಪನದೇ. ಗಲ್ಲ, ಗದ್ದ, ಕುತ್ತಿಗೆಯ ಮೇಲ್ಭಾಗ ಮಾತ್ರ ದೋಸೆಯ ಹಂಚು. ನಡುವೆ ಬಿಳಿ ಮೀಸೆ.

ಅವ್ವ ಸೌಟು ಹಿಡಿದು ನನ್ನ ಕಡೆ ತಿರುಗಿದಳು. "ಲೇ, ಏನ ಹಚ್ಚಿದ್ಯೋ ನಿಮ್ಮಪ್ಪಗ?"

"ಈ ಸಲಾ ನಾ ಅಲ್ಲವಾ" ಅಂದೆ. ಖರೆ ಹೇಳಿದರೂ ನಂಬದಂಥ ಹೆಸರು ಗಳಿಸಿದ್ದೇನೆ. ಸೌಟು ಬೆನ್ನಿಗೆ ಬಂತು. ಕೊಬ್ಬರಿ ಎಣ್ಣೆ ಆಯಿತು, ಕಡಲೆ ಹಿಟ್ಟು ಆಯಿತು, ಲಿಂಬೆಹಣ್ಣು ಆಯಿತು. ತಿಕ್ಕಿದಷ್ಟೂ ಕಪ್ಪಿಗೆ ಹೊಳಪು ಬಂತು.

ಗದ್ದಲ ಕೇಳಿ ಅಕ್ಕ ಕೋಣೆಯಿಂದ ಬಂದಳು. ಅಪ್ಪನನ್ನು ನೋಡಿದಳು. ಇನ್ನೇನು ಅಳುತ್ತಾಳೆ ಅಂದುಕೊಂಡೆ. ಅವಳು ಹತ್ತಿರ ಹೋಗಿ, ಅಪ್ಪನ ಗದ್ದ ಹಿಡಿದು, ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಆ ಕಡೆ ನೋಡಿದಳು, ಈ ಕಡೆ ನೋಡಿದಳು. ಅವಳ ಕಣ್ಣು ದೊಡ್ಡವಾಗುತ್ತ ಹೋದವು.

"ಅಪ್ಪಾ" ಅಂದಳು, ಗುಡಿಯಲ್ಲಿ ಮಾತಾಡುವ ದನಿಯಲ್ಲಿ. "ಒಂದ ಗೀರಿಲ್ಲ. ಎಷ್ಟ ಸಮ ಹತ್ತೈತಿ ನೋಡ."

"ಸಮ ಹತ್ತೈತಂತ." ಅಪ್ಪ ಗಲ್ಲ ತಿಕ್ಕಿಕೊಂಡ. "ಇದಕ್ಕೇನ ಮಾಡ್ಲಿ ನಾ?"

"ಯಾವ ಬ್ರಶ್ ತಗೊಂಡಿದ್ದೆಪ್ಪಾ?"

ಅಪ್ಪ ನೆಲ ನೋಡುತ್ತ ಹೇಳಿದ. "ನೀ ನನಗಂತ ತಂದಿಟ್ಟಿದ್ದೆಲ್ಲ, ಹೊಸದು. ಅದ. ನಂದು ಬೋಳಾಗಿದ್ದು ನೋಡಿ ತಂದೀ ಅಂತ..."

ಅಕ್ಕ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಅಂದಳು. "ಹೌದಪ್ಪಾ, ನಿನಗಂತನ ತಂದಿದ್ದೆ."

"ಮತ್ತ ಹಿಂಗ್ಯಾಕಾತು?"

"ಹೆಂಗೈತಂತ ನಾನೂ ಒಂದೀಟ ಔಷಧ ಹಚ್ಚಿ ನೋಡಿದ್ದೆ."

ಅಪ್ಪ ಮಾರ್ಕೆಟ್ಟಿಗೆ ಹೋಗುವಂತಿರಲಿಲ್ಲ. ಚರ್ಮ ಸುಲಿದು ಹೊಸದು ಬರುವ ತನಕ ಮನೆಯೇ ಗತಿ. ಬೇರೆ ಕೆಲಸವಿಲ್ಲದೆ, ಅಕ್ಕ ಕೇಳಿದಾಗ ಕಿಟಕಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತ. ಅವಳು ಫೋಟೊ ತೆಗೆದಳು. ನಾನು ಝೆರಾಕ್ಸ್ ಅಂಗಡಿಗೆ ಓಡಿ ಉಲ್ಟಾ ಹಾಳೆ ಹೊಡೆಸಿಕೊಂಡು ಬಂದೆ.

ಗುರುವಾರ ಮುಂಜಾನೆ ಹೊಸ ಕಾಗದಕ್ಕೆ ಅದೇ ಬ್ರಶ್ಶಿನಿಂದ ಔಷಧ ಹಚ್ಚಿ, ಹಾಳೆ ಇಟ್ಟು, ಗಾಜು ಒತ್ತಿ, ಅಂಗಳದ ಬಿಸಿಲಿನಲ್ಲಿ ಅಪ್ಪನ ಕೈಗೇ ಕೊಟ್ಟಳು. ಅಪ್ಪ ಗಾಜಿನ ಮೇಲೆ ಬಗ್ಗಿದ. ಬಿಳಿ ಕಾಗದ ಮೊದಲು ಚಹದ ಬಣ್ಣವಾಯಿತು. ಆಮೇಲೆ ಹಣೆಯ ಗೆರೆ ಬಂದವು. ಕಣ್ಣು ಬಂತು. ಹೆಗಲ ಮೇಲಿನ ಟವಲಿನ ನೂಲು ಬಂತು. ಅಪ್ಪ ಉಸಿರು ಬಿಡುವುದನ್ನೇ ಮರೆತಿದ್ದ. ನಾನು ಇಷ್ಟು ಸಲ ನೋಡಿದವನು, ನನ್ನ ಎದೆಯೂ ಡಬಡಬ ಅನ್ನುತ್ತಿತ್ತು. ತನ್ನ ಮುಖ ತನ್ನ ಕೈಯೊಳಗೇ ಹುಟ್ಟುವುದನ್ನು ಅಪ್ಪ ನೋಡಿದ.

ಸರಿಯಾಗಿ ಆಗಲೇ ಚೀಲದ ಗಾಡಿ ಬಂತು. "ಸಾವಕಾರ್ರ, ಎಲ್ಲಿ ಇಳಸೋಣ್ರಿ? ಆ ಕೋಣ್ಯಾಗಲ್ಲೇನ್ರಿ?" ಅಂದ ಹಮಾಲ.

ಅಪ್ಪ ಗಾಜಿನಿಂದ ತಲೆ ಎತ್ತಲಿಲ್ಲ. "ಪಡಸಾಲ್ಯಾಗ ಇಳಸ್ರಿ" ಅಂದ. "ನೆರಳ ಬೀಳಸಬ್ಯಾಡ್ರಿ, ಸರೀರಿ ಆ ಕಡೆ."

ಅಕ್ಕ ಕಣ್ಣು ಒರೆಸಿಕೊಳ್ಳಲು ಒಳಗೆ ಹೋದಳು. ಹೋಗುವಾಗ ಬಾಟಲಿಯ ಡಬ್ಬಿಯನ್ನು ಕಾಲಿನಿಂದ ಕೋಣೆಯ ಒಳಕ್ಕೆ ತಳ್ಳಿದಳು.

ಸಂಜೆ ಫೋಟೊ ತೊಳೆದು ಒಣಗಿಸಿ, ಅದನ್ನೂ ಉಲ್ಟಾ ಹಾಳೆಯನ್ನೂ ಪಕ್ಕ ಪಕ್ಕ ಇಟ್ಟಿದ್ದೆವು. ಫೋಟೊ ಅಂದರೆ ಫೋಟೊ. ಗೀರಿಲ್ಲ, ಚುಕ್ಕೆ ಇಲ್ಲ, ಕೂದಲಿಲ್ಲ. ಕಪ್ಪು ಗಲ್ಲ, ಬಿಳಿ ಮೀಸೆ, ಎಲ್ಲ ಇದ್ದದ್ದು ಇದ್ದ ಹಾಗೆ. ಅಪ್ಪ ಅದನ್ನು ನೋಡಿ ತಲೆಯಾಡಿಸಿದ. ಆಮೇಲೆ ಉಲ್ಟಾ ಹಾಳೆಯನ್ನು ಎತ್ತಿ ಬೆಳಕಿಗೆ ಹಿಡಿದ. ಬಹಳ ಹೊತ್ತು ಹಿಡಿದ. ಅದರಲ್ಲಿ ಕಪ್ಪು ಗಲ್ಲ ಬೆಳ್ಳಗೆ ಹೊಳೆಯುತ್ತಿತ್ತು. ಬಿಳಿ ಮೀಸೆ ಕರ್ರನೆಯ ಕುಡಿಮೀಸೆಯಾಗಿತ್ತು. ಪೂರ್ತಿ ನರೆತ ತಲೆಯಲ್ಲಿ ಒಂದೂ ಬಿಳಿ ಕೂದಲಿಲ್ಲ.

"ಇದನ್ನ ಹಾಕ್ರಿ ಗೋಡಿಗೆ" ಅಂದ.

"ಅಪ್ಪಾ, ಅದು ಉಲ್ಟಾದ್ದು" ಅಂದಳು ಅಕ್ಕ.

"ಉಲ್ಟಾ ಇದ್ರ ಇರ್ಲಿ. ನಾ ಖರೇ ಹಿಂಗ ಇದ್ದಾಂವ. ಬೇಕಾರ ನಿಮ್ಮವ್ವನ ಕೇಳು."

ಅವ್ವ ಕೈ ಒರೆಸಿಕೊಳ್ಳುತ್ತ ಬಂದು ಹಾಳೆ ನೋಡಿದಳು. ಗೋಡೆಯ ಮೇಲಿನ ಮದುವೆಯ ಫೋಟೊ ನೋಡಿದಳು. ಮತ್ತೆ ಹಾಳೆ ನೋಡಿದಳು. ಒಳಗೆ ಹೋದಳು. ಟ್ರಂಕು ತೆಗೆದ ಸಪ್ಪಳ ಕೇಳಿತು. ಸ್ವಲ್ಪ ಹೊತ್ತಿಗೆ ಇಳಕಲ್ ಸೀರೆ ಉಟ್ಟು, ನತ್ತು ಇಟ್ಟು ಬಂದು, ಅಪ್ಪ ಕೂತಿದ್ದ ಕುರ್ಚಿಯಲ್ಲೇ ಕೂತಳು. ಬೆಳ್ಳಗಾದ ಮುಂಗೂದಲನ್ನು ಕಿವಿಯ ಹಿಂದೆ ಸರಿಸಿ, ಕಣ್ಣು ಮುಚ್ಚಿ, ಎರಡೂ ಗಲ್ಲ ಅಕ್ಕನ ಮುಂದೆ ಒಡ್ಡಿದಳು.

"ತಗೊ" ಅಂದಳು. "ನನಗೂ ಆ ಬ್ರಶ್ ಆಡಸು."